ಬಾಲದ ಲೆಕ್ಕ

ಬಂಗಾರಪೇಟೆ ದಾಟಿ ಕಾಮಸಮುದ್ರದ ದಾರಿಯಲ್ಲಿ
ಶೀಟಿನ ಮಾಡು, ಸಿಮೆಂಟಿನ ನೆಲ, ಆರು ಅಂಕಣ.
ನಾಲ್ಕನೆಯದರಲ್ಲಿ ಬೆಳಿಗ್ಗೆ ಗೋಡೆಗೆಲ್ಲ ರಕ್ತ,
ಯಾರೋ ಕುಂಚ ಝಾಡಿಸಿದ ಹಾಗೆ, ಮೊಣಕಾಲೆತ್ತರಕ್ಕೆ.

ಹದಿನೇಳು ಹಂದಿ. ಐದಕ್ಕೆ ಬಾಲವಿಲ್ಲ.
ಎರಡಕ್ಕೆ ಇದ್ದೂ ಇಲ್ಲ.

ಸವರಿಯಪ್ಪ ಕತ್ತರಿ ತಂದ.
"ಬಾಲ ಇದ್ದರೆ ತಾನೇ ಕಚ್ಚೋದು?"
ಇಪ್ಪತ್ತು ವರ್ಷದ ಸಂಸಾರದಲ್ಲಿ
ಅವನ ಮದ್ದೆಲ್ಲ ಇದೇ ಜಾತಿ:
ಸೋರುವ ನಲ್ಲಿಗೆ ಚಿಂದಿ, ಅಳುವ ಮಗುವಿಗೆ ಕದ.

ಡಾಕ್ಟರ್ ಪ್ರಫುಲ್ಲಾ ಬಂದರು, ಸ್ಕೂಟರಿನಲ್ಲಿ, ಗಂಬೂಟು ಹಾಕಿ.
ಬಾಯಿ ನೋಡಲಿಲ್ಲ, ಬಾಲ ನೋಡಲಿಲ್ಲ.
ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ನೆಲ ಕೆದಕಿದರು.
"ಆರೋಗ್ಯಮೇರಿ, ಇದು ಎಷ್ಟು ದಿನದಿಂದ ಹೀಗೆ ನೀರು?"

ಇದನ್ನು ಏನಂತ ಕರೆಯಲಿ?
ಹಸುವಿನದು ಸಗಣಿ, ಅಂಗಳಕ್ಕೂ ಸಲ್ಲುತ್ತದೆ.
ಆನೆ ಕುದುರೆಯದು ಲದ್ದಿ, ಕುರಿಯದು ಹಿಕ್ಕೆ.
ಹಂದಿಯದಕ್ಕೆ ನಮ್ಮ ಬಾಯಲ್ಲಿ
ಬೈಗುಳವೇ ಹೆಸರು.
"ಅದು" ಅಂದೆ. "ಅದು ಹತ್ತು ದಿನದಿಂದ, ಮೇಡಂ."

ಹತ್ತು ದಿನದ ಹಿಂದೆ
ಮಾಲೂರಿನ ಫ್ಯಾಕ್ಟರಿ ಕ್ಯಾಂಟೀನಿನಿಂದ
ನೀಲಿ ಡ್ರಮ್ಮುಗಳು ಬಂದಿದ್ದವು:
ಬಿಳಿ ಅನ್ನ, ಹಳಸಿದ ಸಾಂಬಾರು, ಮೇಲೆ ಒಂದು ಬೆರಳು ಎಣ್ಣೆ.
ರಾಗಿ ಹೊಟ್ಟು, ಹುರುಳಿ ನುಚ್ಚು ಅಂದೇ ನಿಲ್ಲಿಸಿದೆವು.
ಪುಕ್ಕಟೆ ಬಂದದ್ದಕ್ಕೆ
ಹೊಟ್ಟೆಯ ಒಪ್ಪಿಗೆ ಯಾರು ಕೇಳುತ್ತಾರೆ?

ಲೈಫ್‌ಬಾಯ್ ನೊರೆಯಲ್ಲಿ ಕೈ ತೊಳೆಯುತ್ತ ಅವರೆಂದರು,
"ಕರುಳೊಳಗೆ ಒಂದು ಊರೇ ಇದೆ, ಕಣ್ಣಿಗೆ ಕಾಣದ ಜನ.
ರಾತ್ರೋರಾತ್ರಿ ಅವರ ಪಡಿತರ ಬದಲಾಯಿಸಿದ್ದೀರಿ.
ಗಲಭೆ ಅಲ್ಲಿ. ಸದ್ದು ಮಾತ್ರ ಬಾಯಿಗೆ ಬಂದಿದೆ."

ಮೊದಲು ಕಚ್ಚಿದ್ದು ಸೀಳುಕಿವಿ.
ನಾನೇ ಅವಳಿಗೆ ರಾಕ್ಷಸಿ ಅಂತ ಹೆಸರಿಟ್ಟು
ಪೊರಕೆ ಹಿಡಿಯಿಂದ ಬಾರಿಸಿದ್ದೆ.
"ಹೊಟ್ಟೆ ಮುಟ್ಟಿ ನೋಡಿ."
ಮುಟ್ಟಿದೆ. ಬಿಗಿದ ತಮಟೆ.
ಅಂಗೈ ಕೆಳಗೆ ಏನೋ ಗುಡುಗುಡು ಉರುಳಿತು.
ಎಲ್ಲರಿಗಿಂತ ಬಡಕಲು ಅವಳೇ.

ಅಗೆಯಲೆಂದೇ ಆದ ಮೂತಿ.
ಅಗೆಯಲು ಸಿಮೆಂಟು ಬಿಡಲಿಲ್ಲ.
ಒಳಗೆ ಸಂಕಟ, ಹೊರಗೆ ಇಡೀ ದಿನ ಖಾಲಿ,
ಕಣ್ಣೆದುರು ಅಲ್ಲಾಡುತ್ತಿದ್ದದ್ದು
ಇನ್ನೊಂದರ ಬಾಲ, ಅದೊಂದೇ.

ನಮ್ಮಪ್ಪನೂ ಅಗೆಯುವವನು, ಕೆಜಿಎಫ್‌ನ ಗಣಿಯಲ್ಲಿ.
ಗಣಿ ಮುಚ್ಚಿದ ಮೇಲೆ, ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ
ಆ ಕೈ ಯಾರ ಯಾರ ಮೇಲೆ ಆಡಿತು,
ಗೊತ್ತು ನನಗೆ.
ಅವನ ಹೊಟ್ಟೆ ಮುಟ್ಟಿ ನೋಡಿ ಅಂತ
ಯಾರೂ ಹೇಳಲಿಲ್ಲ.

ರಾಗಿ ಹೊಟ್ಟಿನ ಗಂಜಿ, ಹುಳಿ ಮಜ್ಜಿಗೆ.
ಡ್ರಮ್ಮಿನದು ಕಾಲು ಪಾಲು, ಅದೂ ಕುದಿಸಿ.
ಮೂಲೆಗೆ ಹುಲ್ಲಿನ ರಾಶಿ,
ಸರಪಳಿಗೆ ಕಟ್ಟಿದ ನೀಲಗಿರಿ ತುಂಡು.
ಹುಲ್ಲಿನೊಳಗೆ ಮೂತಿ ತೂರಿಸಿ
ಸೀಳುಕಿವಿ ಮಧ್ಯಾಹ್ನದವರೆಗೂ ಹೊರಗೆ ತೆಗೆಯಲಿಲ್ಲ.

ಎಲ್ಲ ಸರಿಹೋಯಿತು ಅಂತಲ್ಲ.
ಗಾಯ ಬೆನ್ನೆಲುಬಿಗೇರಿ ಒಂದು ಸತ್ತಿತು.
ಇನ್ನೊಂದಕ್ಕೆ ಕಚ್ಚುವ ಚಾಳಿ ಹಾಗೇ ಉಳಿಯಿತು,
ಹೊಟ್ಟೆ ನೆಟ್ಟಗಾದರೂ.
ಮೂರನೆಯ ವಾರ "ಅದು" ಗಟ್ಟಿಯಾದಾಗ
ಸವರಿಯಪ್ಪನನ್ನು ಕೂಗಿ ಕರೆದು ತೋರಿಸಿದೆ.
ಅವನು ಮೂಗು ಮುಚ್ಚಿಕೊಂಡೇ ತಲೆದೂಗಿದ.
ಕತ್ತರಿ ಈಗ ಹುಲ್ಲುಹೊರೆಯ ಹಗ್ಗಕ್ಕೆ.

ಸಂಕ್ರಾಂತಿ ಕಳೆದು ದಲ್ಲಾಳಿ ಕದಿರೇಶ ಬಂದ, ತಕ್ಕಡಿ ಸಮೇತ.
ಉಳಿದ ಬಾಲಗಳನ್ನು ತೋರಿಸಿದೆ, ಹೆಮ್ಮೆಯಿಂದ.
"ಬಾಲಕ್ಕೆಲ್ಲ ತೂಕ ಬರಲ್ಲಕ್ಕಾ" ಅಂದ.

ಸೀಳುಕಿವಿಯನ್ನು ಹಲಗೆಯ ಮೇಲೆ ನಾನೇ ಹತ್ತಿಸಿದೆ.
ಹಿಂದಿನಿಂದ ನೋಡಿದರೆ ಅವಳದು ಪೂರ್ತಿ ಇತ್ತು,
ಯಾರೂ ಮುಟ್ಟದ್ದು,
ಒಂದೂವರೆ ಸುತ್ತು.